ಪ್ರಿನ್ಸ್ ಆಫ್ ಪರ್ಷಿಯಾ 3ಡಿ

ಪ್ರಿನ್ಸ್ ಆಫ್ ಪರ್ಷಿಯಾ 3ಡಿ ಎಂಬುದು 1999ರ ಸೆಪ್ಟೆಂಬರ್ ತಿಂಗಳಲ್ಲಿ ವಿಂಡೋಸ್ ಗಣಕಯಂತ್ರಗಳಿಗಾಗಿ ಬಿಡುಗಡೆಯಾದ ವಿಡಿಯೋ ಆಟ. ಅಮೆರಿಕದ ರೆಡ್ ಆರ್ಬ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ಇದನ್ನು ತಯಾರಿಸಿತು. ದ ಲರ್ನಿಂಗ್ ಕಂಪನಿ ಪ್ರಕಟಿಸಿತು. ಜೋರ್ಡನ್ ಮೆಕ್ನರ್ ಅವರು 1989ರಲ್ಲಿ ಆರಂಭಿಸಿದ 'ಪ್ರಿನ್ಸ್ ಆಫ್ ಪರ್ಷಿಯಾ' ಸರಣಿಯಲ್ಲಿ ಇದು ಮೂರನೆಯ ಆಟ ಹಾಗೂ ಮೂರು ಆಯಾಮಗಳಲ್ಲಿ ರಚಿತವಾದ ಮೊದಲನೆಯ ಆಟ. ಎರಡನೆಯ ಭಾಗ ಬಂದು ಆರು ವರ್ಷಗಳ ನಂತರ ಹೊರಬಂದ ಈ ಆಟದ ಮೇಲೆ ಹೆಚ್ಚಿನ ನಿರೀಕ್ಷೆಗಳಿದ್ದವು. ಚಿತ್ರಣ ಮತ್ತು ತಾಣಗಳ ವೈವಿಧ್ಯ ಮೆಚ್ಚುಗೆ ಪಡೆದರೂ, ಕ್ಯಾಮೆರಾದ ಚಲನೆ, ನಿಯಂತ್ರಣದ ಮಂದಗತಿ ಮತ್ತು ತಾಂತ್ರಿಕ ದೋಷಗಳಿಂದಾಗಿ ಆಟವು ನಿರಾಸೆ ಉಂಟುಮಾಡಿತು. ಹೆಸರಾಂತ ಹಳೆಯ ಆಟವೊಂದನ್ನು ಎರಡು ಆಯಾಮಗಳಿಂದ ಮೂರು ಆಯಾಮಗಳಿಗೆ ತರುವಾಗ ಎದುರಾಗುವ ಕಷ್ಟಗಳಿಗೆ ಇದು ಒಂದು ಸ್ಪಷ್ಟ ಉದಾಹರಣೆಯಾಗಿದೆ.

ಹಿನ್ನೆಲೆ

ಓಡುತ್ತ, ಜಿಗಿಯುತ್ತ, ಒಂದು ಕಟ್ಟೆಯಿಂದ ಮತ್ತೊಂದು ಕಟ್ಟೆಗೆ ಹಾರುತ್ತ ಗುರಿ ತಲುಪುವ ವಿಡಿಯೋ ಆಟಗಳನ್ನು 'ಪ್ಲಾಟ್‌ಫಾರ್ಮ್ ಆಟ'ಗಳೆಂದು ಕರೆಯಲಾಗುತ್ತದೆ. 1985ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ಹೊರತಂದ 'ಸೂಪರ್ ಮಾರಿಯೋ ಬ್ರದರ್ಸ್' ಈ ಪ್ರಕಾರದ ಅತ್ಯಂತ ಪ್ರಸಿದ್ಧ ಆಟ. ಮಾರಿಯೋ ಗಾಳಿಯಲ್ಲಿ ಚೆಂಡಿನಂತೆ ಪುಟಿಯುತ್ತಾನೆ. ಜಿಗಿದ ಮೇಲೂ ಆಡುವವರು ಅವನ ದಿಕ್ಕನ್ನು ತಿದ್ದಬಹುದು. ಇದಕ್ಕೆ ಭಿನ್ನವಾಗಿ, ನಿಜವಾದ ಮನುಷ್ಯದೇಹದಂತೆ ಭಾರವುಳ್ಳ, ಒಮ್ಮೆ ಜಿಗಿದರೆ ಹಿಂತಿರುಗಲಾಗದ ನಾಯಕನನ್ನು ತೋರಿಸಿದ್ದು 'ಪ್ರಿನ್ಸ್ ಆಫ್ ಪರ್ಷಿಯಾ'ದ ವೈಶಿಷ್ಟ್ಯ.

ಜೋರ್ಡನ್ ಮೆಕ್ನರ್ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ 'ಕರಾಟೆಕಾ' (1984) ಎಂಬ ಆಟವನ್ನು ರಚಿಸಿ ಹೆಸರು ಪಡೆದಿದ್ದರು. 1985ರಲ್ಲಿ ಅವರು ತಮ್ಮ ತಮ್ಮನಾದ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದು, ಆ ಚಿತ್ರಗಳ ಒಂದೊಂದು ಭಂಗಿಯನ್ನೂ ಅನುಸರಿಸಿ ರಾಜಕುಮಾರನ ಚಲನೆಯನ್ನು ರೂಪಿಸಿದರು. ಈ ವಿಧಾನಕ್ಕೆ ರೋಟೋಸ್ಕೋಪಿಂಗ್ ಎಂದು ಹೆಸರು. ಕತ್ತಿವರಸೆಯ ಭಂಗಿಗಳಿಗೆ 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಲನಚಿತ್ರದ ಒಂದು ಕಾಳಗದ ದೃಶ್ಯ ಆಧಾರವಾಯಿತು. ಸಂಗೀತವನ್ನು ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಸಂಯೋಜಿಸಿದರು. ಸುಮಾರು ನಾಲ್ಕು ವರ್ಷಗಳ ದುಡಿಮೆಯ ನಂತರ, 1989ರಲ್ಲಿ ಬ್ರೋಡರ್‌ಬಂಡ್ ಕಂಪನಿಯು ಆಪಲ್ 2 ಯಂತ್ರಕ್ಕಾಗಿ ಆಟವನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಆ ಯಂತ್ರದ ಕಾಲ ಮುಗಿಯುತ್ತ ಬಂದಿದ್ದುದರಿಂದ ಆರಂಭದ ಮಾರಾಟ ಮಂದವಾಗಿತ್ತು. 1990ರಲ್ಲಿ ಬಂದ ಡಾಸ್ ಆವೃತ್ತಿ ಮತ್ತು ನಂತರದ ಇತರ ಆವೃತ್ತಿಗಳು ಅದನ್ನು ಜಗತ್ತಿನಾದ್ಯಂತ ಹರಡಿದವು.

ಆಟದ ಕಥೆ ಸರಳವಾದುದು. ಸುಲ್ತಾನನು ದೂರದ ಯುದ್ಧಕ್ಕೆ ಹೋಗಿರುವಾಗ ವಜೀರ ಜಾಫರನು ರಾಜಕುಮಾರಿಯನ್ನು ಬಂಧಿಸಿ, ತನ್ನನ್ನು ಮದುವೆಯಾಗಬೇಕು ಇಲ್ಲವೇ ಸಾಯಬೇಕು ಎಂದು ಒಂದು ಗಂಟೆಯ ಗಡುವು ವಿಧಿಸುತ್ತಾನೆ. ನೆಲಮಾಳಿಗೆಯ ಸೆರೆಯಲ್ಲಿರುವ ನಾಯಕನು ಆ 60 ನಿಮಿಷಗಳೊಳಗೆ 12 ಹಂತಗಳನ್ನು ದಾಟಿ ಅವಳನ್ನು ಬಿಡಿಸಬೇಕು. ನಡುವೆ ಕನ್ನಡಿಯೊಂದರಿಂದ ಅವನದೇ ನೆರಳು ಹೊರಬಂದು ಅವನಿಗೆ ಅಡ್ಡಿಯಾಗುತ್ತದೆ. ಕೊನೆಯಲ್ಲಿ ಆ ನೆರಳಿನೊಡನೆ ಹೋರಾಡಿದರೆ ತನಗೇ ಗಾಯವಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿದಾಗ ಮಾತ್ರ ನೆರಳು ಅವನಲ್ಲಿ ಒಂದಾಗುತ್ತದೆ. ಯಂತ್ರದ ಸ್ಮೃತಿಕೋಶದಲ್ಲಿ ಹೊಸ ಪಾತ್ರವೊಂದಕ್ಕೆ ಸ್ಥಳವಿಲ್ಲದ ಕಾರಣ, ನಾಯಕನ ಚಿತ್ರಗಳನ್ನೇ ಬದಲಿಸಿ ಈ ನೆರಳನ್ನು ಸೃಷ್ಟಿಸಲಾಗಿತ್ತು.

1993ರಲ್ಲಿ ಎರಡನೆಯ ಭಾಗವಾದ 'ದ ಶ್ಯಾಡೋ ಅಂಡ್ ದ ಫ್ಲೇಮ್' ಪ್ರಕಟವಾಯಿತು. ಜಾಫರನು ರಾಜಕುಮಾರನ ರೂಪ ಧರಿಸಿ ಅವನನ್ನು ಅರಮನೆಯಿಂದ ಓಡಿಸುವುದು, ಹಡಗು ಒಡೆದು ನಾಯಕನು ದ್ವೀಪವೊಂದನ್ನು ಸೇರುವುದು, ಹಾರುವ ರತ್ನಗಂಬಳಿ ಮುಂತಾದವುಗಳಿಂದ ಕಥೆ ವಿಸ್ತಾರಗೊಂಡಿತು. ಚಿತ್ರಣ ಹೆಚ್ಚು ವರ್ಣಮಯವಾದರೂ ಆಟವು ಪಕ್ಕದಿಂದ ನೋಡುವ ಎರಡು ಆಯಾಮಗಳಲ್ಲೇ ಉಳಿಯಿತು. ಅದರ ಕೊನೆಯಲ್ಲಿ ಮುದುಕಿಯೊಬ್ಬಳು ಸ್ಫಟಿಕದ ಗೋಳದಲ್ಲಿ ರಾಜದಂಪತಿಗಳನ್ನು ದಿಟ್ಟಿಸುತ್ತಿರುವ ದೃಶ್ಯವಿದ್ದು, ಮುಂದಿನ ಕಥೆಯ ಸೂಚನೆ ನೀಡಲಾಗಿತ್ತು.

ಭಾರತದಲ್ಲಿ ಮೊದಲ ಆಟದ ಪರಿಚಯ

1990ರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡದಂತಹ ನಗರಗಳಲ್ಲಿ ಮನೆಯಲ್ಲಿ ಗಣಕಯಂತ್ರ ಹೊಂದಿದವರು ವಿರಳವಾಗಿದ್ದರು. ಕಾಲೇಜುಗಳ ಪ್ರಯೋಗಾಲಯ, ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರ ಮತ್ತು ಕಚೇರಿಗಳಲ್ಲಿ ಡಾಸ್ ಕಾರ್ಯಾಚರಣ ವ್ಯವಸ್ಥೆಯ ಯಂತ್ರಗಳಿದ್ದವು. ಮೊದಲ 'ಪ್ರಿನ್ಸ್ ಆಫ್ ಪರ್ಷಿಯಾ' ಒಂದೇ ಫ್ಲಾಪಿಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿತ್ತು ಮತ್ತು ಸಾಧಾರಣ ಯಂತ್ರದಲ್ಲೂ ನಡೆಯುತ್ತಿತ್ತು. ಹೀಗಾಗಿ 'ಡೇಂಜರಸ್ ಡೇವ್' ಮುಂತಾದವುಗಳ ಜೊತೆಯಲ್ಲಿ ಇದೂ ಭಾರತದ ಒಂದು ಇಡೀ ತಲೆಮಾರಿನ ವಿದ್ಯಾರ್ಥಿಗಳಿಗೆ ಪರಿಚಿತವಾಯಿತು. ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಮೇಲೆ, ಕೈಪಿಡಿಯ ನಿರ್ದಿಷ್ಟ ಪುಟದಲ್ಲಿರುವ ಪದದ ಅಕ್ಷರವನ್ನು ಗುರುತಿಸಿ ಅದಕ್ಕೆ ಸಂಬಂಧಿಸಿದ ಔಷಧವನ್ನು ಕುಡಿಯುವ ಪರೀಕ್ಷೆಯೊಂದಿತ್ತು. ಕೈಪಿಡಿಯಿಲ್ಲದೆ ನಕಲು ಪ್ರತಿಗಳಲ್ಲಿ ಆಡುವವರನ್ನು ತಡೆಯುವುದೇ ಅದರ ಉದ್ದೇಶ.

ಮೂರನೆಯ ಭಾಗದ ಸ್ಥಿತಿ ಬೇರೆಯಾಗಿತ್ತು. ಅದು ಸಿಡಿಯಲ್ಲಿ ಬಂದಿತು. ವಿಂಡೋಸ್ ವ್ಯವಸ್ಥೆ ಮತ್ತು 3ಡಿ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳನ್ನು ಉದ್ದೇಶಿಸಿ ಅದನ್ನು ಸಿದ್ಧಪಡಿಸಲಾಗಿತ್ತು. ಹಳೆಯ ಯಂತ್ರಗಳಲ್ಲಿ ಮೊದಲ ಭಾಗವನ್ನು ಆಡಿ ಬೆಳೆದವರಿಗೆ ಅದು ಅಷ್ಟು ಸುಲಭವಾಗಿ ಕೈಗೆಟುಕುವಂತಹುದಾಗಿರಲಿಲ್ಲ.

ಕಥಾವಸ್ತು

ಸುಲ್ತಾನನು ರಾಜಕುಮಾರನೊಡನೆ ತನ್ನ ಸಹೋದರ ಅಸ್ಸಾನನ ಅರಮನೆಗೆ ಭೇಟಿ ನೀಡುತ್ತಾನೆ. ರಾಜಕುಮಾರಿಯನ್ನು ತನ್ನ ಮಗನಾದ ರಗ್ನೋರನಿಗೆ ಕೊಡುವುದಾಗಿ ಹಿಂದೆ ಮಾತಾಗಿತ್ತು ಎಂಬುದು ಅಸ್ಸಾನನ ಅಸಮಾಧಾನದ ಮೂಲ. ರಗ್ನೋರನು ಅರ್ಧ ಮನುಷ್ಯ, ಅರ್ಧ ಹುಲಿಯ ದೇಹವುಳ್ಳವನು. ರಾಜಕುಮಾರನ ಕಾವಲುಗಾರರು ಕೊಲ್ಲಲ್ಪಡುತ್ತಾರೆ. ಅವನು ಆಯುಧವಿಲ್ಲದೆ ಸೆರೆಮನೆಯಲ್ಲಿ ಕಣ್ತೆರೆಯುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು, ನೆಲದಡಿಯ ಜಲಾಗಾರ, ಅರಮನೆ, ಮನೆಗಳ ಮಾಳಿಗೆಗಳು, ಬೀದಿ ಮತ್ತು ಹಡಗುಕಟ್ಟೆಗಳನ್ನು ದಾಟಿ ಭಾರೀ ವಾಯುನೌಕೆಯೊಂದನ್ನು ಸೇರುತ್ತಾನೆ. ಕಥೆಯ ಉತ್ತರಾರ್ಧವು ತೇಲುವ ಅವಶೇಷಗಳು, ಕಡಿದಾದ ಬಂಡೆಗಳು, ಸೂರ್ಯ ಮತ್ತು ಚಂದ್ರರ ದೇವಾಲಯಗಳಲ್ಲಿ ನಡೆಯುತ್ತದೆ. ಅಂತಿಮವಾಗಿ ರಗ್ನೋರನನ್ನು ಎದುರಿಸಿ ರಾಜಕುಮಾರಿಯನ್ನು ಬಿಡಿಸಬೇಕಾಗುತ್ತದೆ.

ಎರಡನೆಯ ಭಾಗದ ಕೊನೆಯಲ್ಲಿ ಕಾಣಿಸಿಕೊಂಡ ಮುದುಕಿಯ ವಿಷಯವನ್ನು ಈ ಕಥೆ ಮುಂದುವರಿಸಲಿಲ್ಲ. ಆರು ವರ್ಷ ಕಾದ ಓದುಗನಿಗೆ ಕಾದಂಬರಿಯ ಮುಂದಿನ ಸಂಪುಟದಲ್ಲಿ ಬೇರೆಯೇ ಕಥೆ ದೊರೆತಂತಹ ಅನುಭವ ಸರಣಿಯ ಹಳೆಯ ಅಭಿಮಾನಿಗಳಿಗಾಯಿತು.

ಆಟದ ಸ್ವರೂಪ

ಈ ಆಟದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ನಾಯಕನ ಬೆನ್ನ ಹಿಂದೆ ಇರುತ್ತದೆ. ಓಡುವುದು, ಎಚ್ಚರಿಕೆಯಿಂದ ಹೆಜ್ಜೆಯಿಡುವುದು, ಅಂಚನ್ನು ಹಿಡಿದು ಜೋತಾಡುವುದು, ಮೇಲೆ ಹತ್ತುವುದು ಮೊದಲಾದ ಹಳೆಯ ಕ್ರಿಯೆಗಳನ್ನು ಉಳಿಸಿಕೊಳ್ಳಲಾಗಿದೆ. ಮುಳ್ಳುಗೂಟಗಳು, ಕತ್ತರಿಸುವ ಅಲಗುಗಳು, ಒತ್ತಿದರೆ ಬಾಗಿಲು ತೆರೆಯುವ ಹಾಸುಗಲ್ಲುಗಳು ಇಲ್ಲಿಯೂ ಇವೆ. ಖಡ್ಗದ ಜೊತೆಗೆ ದಂಡ, ಅವಳಿ ಅಲಗುಗಳು ಮತ್ತು ಬಿಲ್ಲುಬಾಣಗಳನ್ನು ಸೇರಿಸಲಾಗಿದೆ. ಮೊದಲ ಆಟದಲ್ಲಿ 60 ನಿಮಿಷ, ಎರಡನೆಯದರಲ್ಲಿ 75 ನಿಮಿಷ ಎಂದಿದ್ದ ಕಾಲಮಿತಿಯನ್ನು ಕೈಬಿಡಲಾಗಿದೆ.

ಅಳತೆ ಮತ್ತು ನಂಬಿಕೆಯ ಪ್ರಶ್ನೆ

ಈ ಆಟದ ವೈಫಲ್ಯವನ್ನು ಅರಿಯಲು ಮೊದಲ ಆಟದ ಒಳರಚನೆಯನ್ನು ಗಮನಿಸಬೇಕು. ಅದರ ಪ್ರತಿಯೊಂದು ಕೋಣೆಯೂ ಅಡ್ಡಕ್ಕೆ 10, ಎತ್ತರಕ್ಕೆ 3 ಮನೆಗಳಂತೆ ಒಟ್ಟು 30 ಮನೆಗಳಾಗಿ ವಿಂಗಡಿಸಲ್ಪಟ್ಟಿತ್ತು. ಮಕ್ಕಳು ನೆಲದ ಮೇಲೆ ಗೆರೆ ಎಳೆದು ಆಡುವ ಕುಂಟೆಬಿಲ್ಲೆಯಲ್ಲಿ ಯಾವ ಮನೆಯಿಂದ ಯಾವ ಮನೆಗೆ ಹಾರಬಹುದೆಂಬುದು ಮೊದಲೇ ತಿಳಿದಿರುವಂತೆ, ಇಲ್ಲಿಯೂ ನಿಂತಲ್ಲಿಂದ ಜಿಗಿದರೆ ಎಷ್ಟು ಮನೆ, ಓಡಿ ಬಂದು ಜಿಗಿದರೆ ಎಷ್ಟು ಮನೆ ಎಂಬುದು ನಿಶ್ಚಿತವಾಗಿತ್ತು. ಒಂದು ಅಂತಸ್ತು ಬಿದ್ದರೆ ಅಪಾಯವಿಲ್ಲ, ಎರಡು ಬಿದ್ದರೆ ಪ್ರಾಣಶಕ್ತಿಯ ಒಂದು ಭಾಗ ನಷ್ಟ, ಮೂರು ಬಿದ್ದರೆ ಮರಣ ಎಂಬ ನಿಯಮವೂ ಬದಲಾಗುತ್ತಿರಲಿಲ್ಲ. ಡಾಸ್ ಆವೃತ್ತಿಯಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದು ಬಾಣದ ಕೀಲಿಯನ್ನು ಒತ್ತಿದರೆ ನಾಯಕನು ಮೆಲ್ಲನೆ ಹೆಜ್ಜೆಯಿಡುತ್ತ ಅಂಚಿನವರೆಗೆ ಬರುತ್ತಿದ್ದನು.

ಆಟ ಕಠಿಣವಾಗಿತ್ತು, ಆದರೆ ನ್ಯಾಯಯುತವಾಗಿತ್ತು. ರಾಜಕುಮಾರನು ಬಿದ್ದು ಸತ್ತಾಗ ಆಡುವವರು ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂದು ಕಂಡುಕೊಳ್ಳಬಹುದಾಗಿತ್ತು. ಮುಂದಿನ ಬಾರಿ ಒಂದು ಹೆಜ್ಜೆ ಹೆಚ್ಚು ಓಡಿ ಅಥವಾ ಒಂದು ಕ್ಷಣ ತಡೆದು ಅದೇ ಕಂದಕವನ್ನು ದಾಟಬಹುದಾಗಿತ್ತು. ಆಡುವವರ ಬೆರಳಿಗೂ ನಾಯಕನ ದೇಹಕ್ಕೂ ನಡುವೆ ಇದ್ದ ಈ ನಂಬಿಕೆಯೇ ಸರಣಿಯ ನಿಜವಾದ ಬಂಡವಾಳ.

ಮೂರು ಆಯಾಮಗಳಲ್ಲಿ ಈ ಲೆಕ್ಕ ಕಠಿಣವಾಗುತ್ತದೆ. ಹಳ್ಳವೊಂದನ್ನು ಪಕ್ಕದಿಂದ ನೋಡಿದರೆ ಎರಡು ದಂಡೆಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಅದೇ ಹಳ್ಳವನ್ನು ಈಚೆಯ ದಂಡೆಯಿಂದ ನೇರವಾಗಿ ನೋಡಿದರೆ ಅಗಲವು ಕುಗ್ಗಿದಂತೆ ಕಾಣುತ್ತದೆ. ವಾಸ್ತವದಲ್ಲಿ ಎರಡು ಕಣ್ಣುಗಳ ನೋಟವು ದೂರವನ್ನು ಅಂದಾಜು ಮಾಡಲು ನೆರವಾಗುತ್ತದೆ. ಚಪ್ಪಟೆಯಾದ ಪರದೆಯ ಮೇಲೆ ಆ ನೆರವು ಇಲ್ಲ. ಆದ್ದರಿಂದ ಮೂರು ಆಯಾಮದ ಆಟಗಳಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಯಾವಾಗ ತಿರುಗುತ್ತದೆ ಎಂಬುದು ನಾಯಕನ ಕಾಲುಗಳಷ್ಟೇ ಮುಖ್ಯವಾಗುತ್ತದೆ.

'ಪ್ರಿನ್ಸ್ ಆಫ್ ಪರ್ಷಿಯಾ 3ಡಿ'ಯಲ್ಲಿ ಇಕ್ಕಟ್ಟಾದ ಸ್ಥಳಗಳಲ್ಲಿ ಕ್ಯಾಮೆರಾ ಅನುಕೂಲವಲ್ಲದ ಕೋನಕ್ಕೆ ಹೊರಳುತ್ತಿತ್ತು. ಕೀಲಿ ಒತ್ತಿದ ನಂತರ ನಾಯಕನು ಪ್ರತಿಕ್ರಿಯಿಸುವುದು ತಡವಾಗುತ್ತಿತ್ತು. ಕತ್ತಿಕಾಳಗದಲ್ಲಿ ಹೊಡೆತ ಮತ್ತು ತಡೆಗಳ ಹೊಂದಾಣಿಕೆ ಸಮರ್ಪಕವಾಗಿರಲಿಲ್ಲ. ಹಳೆಯ ಆಟದಂತೆಯೇ ಇಲ್ಲಿಯೂ ಒಂದು ತಪ್ಪು ಹೆಜ್ಜೆಗೆ ಮರಣವೇ ಶಿಕ್ಷೆ. ಶಿಕ್ಷೆಯ ಕಾಠಿಣ್ಯ ಹಾಗೆಯೇ ಉಳಿದು, ತಪ್ಪನ್ನು ಮೊದಲೇ ಅಳೆಯುವ ಸಾಧನ ಮಾತ್ರ ಇಲ್ಲವಾದುದರಿಂದ, ಸೋತಾಗ ಕಲಿಕೆಯ ಬದಲು ಬೇಸರ ಉಂಟಾಗುತ್ತಿತ್ತು.

ಸಮಕಾಲೀನ ಆಟಗಳೊಡನೆ ಹೋಲಿಕೆ

ಮೂರನೆಯ ಭಾಗ ಬರುವ ಹೊತ್ತಿಗೆ ಈ ಕಷ್ಟಕ್ಕೆ ಇತರರು ಪರಿಹಾರಗಳನ್ನು ಕಂಡುಕೊಂಡಿದ್ದರು. 1996ರಲ್ಲಿ ಬಂದ 'ಸೂಪರ್ ಮಾರಿಯೋ 64' ಆಟದಲ್ಲಿ ಕ್ಯಾಮೆರಾವನ್ನು ಆಡುವವರೇ ತಿರುಗಿಸಬಹುದಾಗಿತ್ತು. ಅಲ್ಲದೆ ತಪ್ಪಿ ಬಿದ್ದರೂ ಹಲವೆಡೆ ಮತ್ತೆ ಹತ್ತಿ ಬರಲು ಅವಕಾಶವಿತ್ತು. ಅದೇ ವರ್ಷ ಇಂಗ್ಲೆಂಡಿನ ಕೋರ್ ಡಿಸೈನ್ ಸಂಸ್ಥೆ ಹೊರತಂದ 'ಟೂಂಬ್ ರೈಡರ್' ಇನ್ನೂ ಹತ್ತಿರದ ಉದಾಹರಣೆ. ಅದರ ಲೋಕವನ್ನು ಒಂದೇ ಅಳತೆಯ ಚೌಕಗಳಿಂದ ಕಟ್ಟಲಾಗಿತ್ತು. ನಾಯಕಿ ಲಾರಾ ಕ್ರಾಫ್ಟ್ ಅಂಚಿಗೆ ಬಂದು ನಿಂತು, ಹಿಂದಕ್ಕೆ ಒಮ್ಮೆ ಹಾರಿ, ಅಲ್ಲಿಂದ ಓಡಿ ಬಂದು ಜಿಗಿದರೆ ಎಷ್ಟು ಚೌಕ ದಾಟುವಳೆಂಬುದು ನಿಶ್ಚಿತವಾಗಿತ್ತು. ಮೊದಲ 'ಪ್ರಿನ್ಸ್ ಆಫ್ ಪರ್ಷಿಯಾ'ದ ಅಳತೆಯ ಶಿಸ್ತು ಹೀಗೆ ಬೇರೊಂದು ಸರಣಿಯಲ್ಲಿ ಮೂರು ಆಯಾಮಗಳಿಗೆ ಒಗ್ಗಿತ್ತು. ಪರಿಣಾಮವಾಗಿ, ದಾರಿ ತೋರಿದ ಸರಣಿಯೇ ಮೂರು ವರ್ಷ ತಡವಾಗಿ ಬಂದು, ತನ್ನಿಂದ ಪ್ರೇರಣೆ ಪಡೆದ ಆಟದ ಅನುಕರಣೆಯಂತೆ ಕಾಣಿಸಿಕೊಂಡಿತು.

ಇಂತಹ ಸ್ಥಿತಿ ಈ ಒಂದು ಸರಣಿಗೆ ಸೀಮಿತವಾದುದಲ್ಲ. 'ಬಬ್ಸಿ 3ಡಿ' (1996) ಮತ್ತು 'ಅರ್ಥ್‌ವರ್ಮ್ ಜಿಮ್ 3ಡಿ' (1999) ಕೂಡ ಎರಡು ಆಯಾಮಗಳಲ್ಲಿ ಹೆಸರು ಪಡೆದ ಪಾತ್ರಗಳನ್ನು ಹೊಸ ಆಯಾಮಕ್ಕೆ ತರಲು ಹೋಗಿ ಟೀಕೆಗೆ ಗುರಿಯಾದವು. 2006ರಲ್ಲಿ ಬಂದ 'ಸೋನಿಕ್ ದ ಹೆಜ್‌ಹಾಗ್' ಕ್ಯಾಮೆರಾ ಹಾಗೂ ತಾಂತ್ರಿಕ ದೋಷಗಳಿಗಾಗಿ ಕುಖ್ಯಾತವಾಯಿತು.

ತಯಾರಿಕೆ ಮತ್ತು ಕಂಪನಿಗಳ ಕೈಬದಲು

ರೆಡ್ ಆರ್ಬ್ ಎಂಬುದು ಬ್ರೋಡರ್‌ಬಂಡ್ ಕಂಪನಿಯು ತನ್ನ ಆಟಗಳಿಗಾಗಿ ರೂಪಿಸಿದ್ದ ವಿಭಾಗ. 1997ರಲ್ಲಿ ಬಂದ ಪ್ರಸಿದ್ಧ ಆಟ 'ರಿವನ್' ಇದೇ ಹೆಸರಿನಲ್ಲಿ ಪ್ರಕಟವಾಗಿತ್ತು. ಮೆಕ್ನರ್ ಅವರು ಆ ವರ್ಷಗಳಲ್ಲಿ 'ದ ಲಾಸ್ಟ್ ಎಕ್ಸ್‌ಪ್ರೆಸ್' (1997) ಎಂಬ ಬೇರೊಂದು ಆಟದ ರಚನೆಯಲ್ಲಿ ತೊಡಗಿದ್ದರು. ಮೂರನೆಯ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿ ಅವರ ಪಾತ್ರ ಸಲಹೆ ನೀಡುವುದಕ್ಕೆ ಸೀಮಿತವಾಗಿತ್ತು. ಮೂರು ಆಯಾಮದ ಚಿತ್ರಣಕ್ಕಾಗಿ ನೆಟ್‌ಇಮರ್ಸ್ ಎಂಬ ತಂತ್ರಾಂಶವನ್ನು ಬಳಸಲಾಯಿತು.

ತಯಾರಿಕೆ ನಡೆಯುತ್ತಿದ್ದಾಗಲೇ ಮಾಲೀಕತ್ವ ಎರಡು ಬಾರಿ ಬದಲಾಯಿತು. 1998ರಲ್ಲಿ ದ ಲರ್ನಿಂಗ್ ಕಂಪನಿಯು ಬ್ರೋಡರ್‌ಬಂಡ್ ಅನ್ನು ಕೊಂಡುಕೊಂಡಿತು. 1999ರಲ್ಲಿ ಬಾರ್ಬಿ ಗೊಂಬೆಗಳ ತಯಾರಕರಾದ ಮ್ಯಾಟೆಲ್ ಕಂಪನಿಯು ಸುಮಾರು 350 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ದ ಲರ್ನಿಂಗ್ ಕಂಪನಿಯನ್ನೇ ತನ್ನದಾಗಿಸಿಕೊಂಡಿತು. ಈ ಖರೀದಿಯು ಮ್ಯಾಟೆಲ್‌ಗೆ ಭಾರೀ ನಷ್ಟ ತಂದಿತು. ಮರುವರ್ಷವೇ ಅದು ಆ ಸಂಸ್ಥೆಯಿಂದ ಕೈತೊಳೆದುಕೊಂಡಿತು. ಆಟವು ಮಾರುಕಟ್ಟೆಗೆ ಬಂದದ್ದು ಈ ಗೊಂದಲದ ನಡುವೆಯೇ. ಸಾಕಷ್ಟು ಪರೀಕ್ಷೆಯಿಲ್ಲದೆ ಅವಸರದಲ್ಲಿ ಬಿಡುಗಡೆ ಮಾಡಿದಂತೆ ತೋರುವ ದೋಷಗಳು ಅದರಲ್ಲಿ ಉಳಿದಿದ್ದವು.

ಬಿಡುಗಡೆ ಮತ್ತು ವಿಮರ್ಶೆ

ವಿಮರ್ಶಕರ ಅಭಿಪ್ರಾಯಗಳು ಮಿಶ್ರವಾಗಿದ್ದವು. ಅರಮನೆಗಳ ಅಲಂಕಾರ, ಬಲೆಗಳ ಜೋಡಣೆ, ನಾಯಕನ ದೇಹಚಲನೆ ಇವುಗಳಲ್ಲಿ ಹಳೆಯ ಆಟದ ಛಾಯೆಯನ್ನು ಗುರುತಿಸಿ ಮೆಚ್ಚಿದವರಿದ್ದರು. ಕ್ಯಾಮೆರಾ, ನಿಯಂತ್ರಣ ಮತ್ತು ಕಾಳಗದ ವಿಷಯದಲ್ಲಿ ಮಾತ್ರ ಆಕ್ಷೇಪಣೆಗಳು ಬಹುತೇಕ ಒಂದೇ ಬಗೆಯವಾಗಿದ್ದವು. 2000ದಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಯಂತ್ರಕ್ಕಾಗಿ 'ಪ್ರಿನ್ಸ್ ಆಫ್ ಪರ್ಷಿಯಾ: ಅರೇಬಿಯನ್ ನೈಟ್ಸ್' ಎಂಬ ಹೆಸರಿನಲ್ಲಿ ಇದರ ಪರಿಷ್ಕೃತ ರೂಪ ಪ್ರಕಟವಾಯಿತು. ಅದನ್ನು ಅವಲಾಂಚ್ ಸಾಫ್ಟ್‌ವೇರ್ ಸಂಸ್ಥೆ ಸಿದ್ಧಪಡಿಸಿತ್ತು. ಅದರಿಂದಲೂ ಸರಣಿಯ ಪ್ರತಿಷ್ಠೆ ಮರಳಲಿಲ್ಲ.

ನಂತರದ ಬೆಳವಣಿಗೆಗಳು

2001ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯು ದ ಲರ್ನಿಂಗ್ ಕಂಪನಿಯ ಮನರಂಜನಾ ವಿಭಾಗವನ್ನು ಪಡೆಯಿತು. 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಕೃತಿಯ ಹಕ್ಕು ಮೆಕ್ನರ್ ಅವರಲ್ಲೇ ಇದ್ದುದರಿಂದ ಕಂಪನಿಯು ಅವರನ್ನು ಸಂಪರ್ಕಿಸಿತು. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಯೂಬಿಸಾಫ್ಟ್ ತಂಡವು ಪ್ಯಾಟ್ರಿಸ್ ದೆಸಿಲೆ ಅವರ ಸೃಜನಶೀಲ ನಿರ್ದೇಶನದಲ್ಲಿ ಹೊಸ ಆಟವನ್ನು ರೂಪಿಸಿತು. ಮೆಕ್ನರ್ ಅವರು ಕಥೆ ಬರೆದರು. 2003ರ ನವೆಂಬರ್‌ನಲ್ಲಿ ಪ್ರಕಟವಾದ 'ದ ಸ್ಯಾಂಡ್ಸ್ ಆಫ್ ಟೈಮ್' ಅಪಾರ ಪ್ರಶಂಸೆ ಗಳಿಸಿತು. ಹಳೆಯ ಕಥೆಯನ್ನು ಮುಂದುವರಿಸದೆ ಹೊಸದಾಗಿ ಆರಂಭಿಸಿದುದು ಅದರ ಒಂದು ಮುಖ್ಯ ನಿರ್ಧಾರ. ಇನ್ನೊಂದು, ಕಾಲವನ್ನು ಹಿಂದಕ್ಕೆ ತಿರುಗಿಸುವ ಮಾಯಾ ಕಠಾರಿ. ಜಿಗಿತ ತಪ್ಪಿ ಬಿದ್ದರೆ, ಕೆಲವು ಕ್ಷಣಗಳನ್ನು ಹಿಂದಕ್ಕೆ ತಂದು ಅದೇ ಅಂಚಿನಲ್ಲಿ ಮತ್ತೆ ನಿಲ್ಲಬಹುದಾಗಿತ್ತು. ದೂರವನ್ನು ಅಂದಾಜು ಮಾಡುವಲ್ಲಿ ಆಗುವ ತಪ್ಪು ಮರಣದಂಡನೆಯಾಗದೆ ತಿದ್ದಿಕೊಳ್ಳುವ ಪಾಠವಾಯಿತು. 1999ರ ಆಟದಲ್ಲಿ ಕಳೆದುಹೋಗಿದ್ದ ನಂಬಿಕೆ ಈ ಬಗೆಯಲ್ಲಿ ಮರುಸ್ಥಾಪಿತವಾಯಿತು. ಇದೇ ಸರಣಿಯ ಮುಂದಿನ ಭಾಗವೆಂದು ಯೋಜಿಸಲಾಗಿದ್ದ ಆಟವೊಂದು ಬೆಳೆದು 2007ರಲ್ಲಿ 'ಅಸ್ಸಾಸಿನ್ಸ್ ಕ್ರೀಡ್' ಎಂಬ ಪ್ರತ್ಯೇಕ ಸರಣಿಯಾಯಿತು. 2010ರಲ್ಲಿ 'ದ ಸ್ಯಾಂಡ್ಸ್ ಆಫ್ ಟೈಮ್' ಆಧಾರಿತ ಹಾಲಿವುಡ್ ಚಲನಚಿತ್ರವೂ ತೆರೆಕಂಡಿತು.

ಸರಣಿಗೆ ಭಾರತದ ನಂಟು ಮುಂದೆ ಇನ್ನೊಂದು ರೀತಿಯಲ್ಲಿ ಬೆಳೆಯಿತು. 'ದ ಸ್ಯಾಂಡ್ಸ್ ಆಫ್ ಟೈಮ್' ಆಟದ ನವೀಕೃತ ರೂಪವನ್ನು 2020ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗ, ಅದರ ತಯಾರಿಕೆಯ ಹೊಣೆ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬಯಿ ಶಾಖೆಗಳದ್ದಾಗಿತ್ತು. ಮೊದಲ ತುಣುಕಿನ ಚಿತ್ರಣದ ಬಗ್ಗೆ ಟೀಕೆಗಳು ಬಂದವು. ಬಿಡುಗಡೆಯ ದಿನಾಂಕವನ್ನು ಮುಂದೂಡಲಾಯಿತು. 2022ರ ಮೇ ತಿಂಗಳಲ್ಲಿ ಕೆಲಸವನ್ನು ಮಾಂಟ್ರಿಯಲ್ ಶಾಖೆಗೆ ವರ್ಗಾಯಿಸಲಾಯಿತು.

ಮೊದಲ ಆಟದ ಮೂಲ ಕ್ರಮವಿಧಿ ಕಳೆದುಹೋಗಿದೆಯೆಂದು ಬಹುಕಾಲ ನಂಬಲಾಗಿತ್ತು. ಮೆಕ್ನರ್ ಅವರ ತಂದೆಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ದೊರೆತ ಫ್ಲಾಪಿಗಳಿಂದ ಅದನ್ನು ಮರಳಿ ಪಡೆದು 2012ರಲ್ಲಿ ಸಾರ್ವಜನಿಕರಿಗೆ ಒದಗಿಸಲಾಯಿತು. ಆಟದ ರಚನೆಯ ವರ್ಷಗಳಲ್ಲಿ ಮೆಕ್ನರ್ ಬರೆದ ದಿನಚರಿಯೂ ಪುಸ್ತಕರೂಪದಲ್ಲಿ ಪ್ರಕಟವಾಗಿದೆ. 2024ರ ಜನವರಿಯಲ್ಲಿ ಯೂಬಿಸಾಫ್ಟ್‌ನ ಫ್ರಾನ್ಸಿನ ಮಾಂಪೆಲಿಯೆ ತಂಡ ಹೊರತಂದ 'ದ ಲಾಸ್ಟ್ ಕ್ರೌನ್' ಆಟದಲ್ಲಿ ಸರಣಿಯು ಪಕ್ಕದಿಂದ ನೋಡುವ ಹಳೆಯ ವಿನ್ಯಾಸಕ್ಕೆ ಹಿಂತಿರುಗಿತು ಮತ್ತು ವಿಮರ್ಶಕರ ಮೆಚ್ಚುಗೆಯನ್ನು ಪಡೆಯಿತು.